ಒಂದು ತೂಬಿಗೆ ಒಬ್ಬನೇ ನೀರುಗಂಟಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಾ ಇದೆಯಾ? ಸರಿ.

ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ಬಸ್ಸು ಹತ್ತಿದೆ. ಬೇಲೂರಿನಲ್ಲಿ ಒಬ್ಬ ಹುಡುಗ ಪಕ್ಕದಲ್ಲಿ ಬಂದು ಕುಳಿತ. ಕೂತವನೇ ಲ್ಯಾಪ್‌ಟಾಪ್ ತೆಗೆದ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್, ವರ್ಚುವಲ್‌ಬಾಕ್ಸ್, ತೆರೆದು ಸ್ಟಾರ್ಟ್ ಒತ್ತಿದ. ಎರರ್ ಬಂತು. ಓದಲಿಲ್ಲ, ಓಕೆ ಒತ್ತಿದ. ಮತ್ತೆ ಸ್ಟಾರ್ಟ್, ಮತ್ತೆ ಅದೇ ಎರರ್, ಮತ್ತೆ ಓಕೆ. ಹಾಸನದ ಬಸ್ ಸ್ಟ್ಯಾಂಡ್ ಬರುವ ಹೊತ್ತಿಗೆ ಆ ಸಾಫ್ಟ್‌ವೇರನ್ನೇ ಕಿತ್ತು ಹಾಕಿದ್ದ. ಆ ಎರರ್‌ನಲ್ಲಿ ಎರಡು ಸಾಲು ಇತ್ತು. ಕಾಯಿಲೆಯ ಹೆಸರು ಅದರಲ್ಲೇ ಬರೆದಿತ್ತು. ನಾನು ಬಾಯಿ ಬಿಡಲಿಲ್ಲ. ಕೇಳದವರಿಗೆ ಬುದ್ಧಿ ಹೇಳಬೇಡಿ ಅಂತ ಮನೆಯಲ್ಲಿ ಕಟ್ಟಪ್ಪಣೆ ಆಗಿದೆ. ಆದರೆ ನಿಮ್ಮ ಕಥೆ ಬೇರೆ. ನೀವೇ ಕರೆದಿದ್ದೀರಿ.

ಸಂಘಟಕರು ಫೋನಿನಲ್ಲಿ ಹೇಳಿದ್ದು ಇಷ್ಟು: "ಹುಡುಗರ ಪ್ರಾಜೆಕ್ಟ್‌ಗಳಲ್ಲಿ ವರ್ಚುವಲ್ ಮಷೀನ್ ಏಳುವುದಿಲ್ಲ. ಅಂಗಡಿಗೆ ಒಯ್ದರೆ ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. ಆಮೇಲೂ ಏಳುವುದಿಲ್ಲ." ಇದನ್ನು ಕೇಳಿ ನನಗೆ ಸ್ವಲ್ಪ ನಾಚಿಕೆ ಆಯಿತು. ಯಾಕೆಂದರೆ ಆ ಅಂಗಡಿಯವನು ನಾನೇ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಂಪ್ಯೂಟರ್ ರಿಪೇರಿ ಮಾಡಿದ್ದೇನೆ. ಅದರಲ್ಲಿ ಬೇಕಿಲ್ಲದ ಫಾರ್ಮ್ಯಾಟ್ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಇಲ್ಲಿ ಓದುತ್ತಿರಲಿಲ್ಲ ಬಿಡಿ.

ವರ್ಚುವಲ್ ಮಷೀನ್ ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಕಂಪ್ಯೂಟರ್, ಒಳಗಿನದು ಗೆಸ್ಟ್, ಹೊರಗಿನದು ಹೋಸ್ಟ್, ಇದೆಲ್ಲ ನಿಮಗೆ ಗೊತ್ತು. ಅದನ್ನು ಹೇಳುತ್ತಾ ಕೂರುವುದಿಲ್ಲ. ಒಂದು ಕೆರೆಯ ಕಥೆ ಹೇಳುತ್ತೇನೆ.

ನನ್ನ ತಾಯಿಯ ಊರು ಸಖರಾಯಪಟ್ಟಣದ ಕಡೆ. ಅಯ್ಯನಕೆರೆ ನೋಡಿರುತ್ತೀರಿ. ಆ ಕಡೆಯ ಊರುಗಳಲ್ಲಿ ಗದ್ದೆಗೆ ನೀರು ಬರಲಿಲ್ಲ ಅಂದರೆ ಯಾರೂ ಗದ್ದೆಯನ್ನು ಅಗೆದು ಮತ್ತೆ ಮಾಡುವುದಿಲ್ಲ. ಮೂರು ಪ್ರಶ್ನೆ ಕೇಳುತ್ತಾರೆ. ಕೆರೆಯಲ್ಲಿ ನೀರಿದೆಯಾ? ತೂಬು ತೆರೆದಿದೆಯಾ? ತೆರೆದಿದ್ದರೆ ನೀರು ಈಗ ಯಾರ ಕಾಲುವೆಯಲ್ಲಿ ಹರಿಯುತ್ತಿದೆ? ಮೂರಕ್ಕೂ ಉತ್ತರ ಕೊಡಬೇಕಾದವನು ನೀರುಗಂಟಿ. ಊರಿನ ಕೆರೆಗೆ ಅವನೊಬ್ಬನೇ. ಇಬ್ಬರು ನೀರುಗಂಟಿಗಳು ಒಂದೇ ತೂಬಿಗೆ ಕೈ ಹಾಕಿದರೆ ಆ ದಿನ ಪಂಚಾಯ್ತಿ ಸೇರುತ್ತದೆ.

ಗೆಸ್ಟ್ ಅನ್ನುವುದು ನಮ್ಮ ಗದ್ದೆ. ಕೆರೆ ನಮ್ಮ ಪ್ರೊಸೆಸರ್. ತೂಬು ಬಯೋಸ್‌ನಲ್ಲಿದೆ, ಅಂದರೆ ಯಂತ್ರ ಏಳುವಾಗ ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಂನಲ್ಲಿ. ಗೆಸ್ಟ್‌ಗಳನ್ನು ಓಡಿಸುವ ಸಾಫ್ಟ್‌ವೇರ್, ಹೈಪರ್‌ವೈಸರ್ ಅನ್ನುವವನು, ನೀರುಗಂಟಿ. ನನ್ನ ಇಡೀ ಉಪನ್ಯಾಸ ಇಷ್ಟೇ. ಊಟದ ಆತುರ ಇದ್ದವರು ಈಗಲೇ ಎದ್ದು ಹೋಗಬಹುದು.

ಯಾರೂ ಏಳಲಿಲ್ಲ. ಊಟ ಇನ್ನೂ ಆಗಿಲ್ಲ ಅಂತ ಕಾಣುತ್ತೆ.

ಮೊದಲು ಕೆರೆ ಹೇಗೆ ತುಂಬಿತು ಅಂತ ನೋಡೋಣ. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರ ಓಡಿಸುವುದು ಹೊಸದೇನೂ ಅಲ್ಲ. ಐಬಿಎಂನವರು 1972ರಲ್ಲೇ ತಮ್ಮ ದೊಡ್ಡ ಗಣಕಗಳಿಗೆ ವಿಎಂ/370 ಕೊಟ್ಟರು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಪ್ರಬಂಧ ಬರೆದರು. ಗೆಸ್ಟ್ ಅಪಾಯದ ಕೆಲಸಕ್ಕೆ ಕೈ ಹಾಕಿದರೆ ಪ್ರೊಸೆಸರ್ ತಕ್ಷಣ ಅದನ್ನು ತಡೆದು ಮೇಲ್ವಿಚಾರಕನಿಗೆ ಒಪ್ಪಿಸಬೇಕು, ಆಗ ಮಾತ್ರ ಇದು ಸಲೀಸು ಅಂದರು. ನಮ್ಮ ಮೇಜಿನ ಮೇಲಿನ ಇಂಟೆಲ್ ವಂಶದ ಪ್ರೊಸೆಸರ್ ಹಾಗಿರಲಿಲ್ಲ. 2000ದಲ್ಲಿ ಇಬ್ಬರು ಸಂಶೋಧಕರು ಪೆಂಟಿಯಮ್‌ನ ಆದೇಶಗಳನ್ನು ಒಂದೊಂದಾಗಿ ಜರಡಿ ಹಿಡಿದರು. 17 ಆದೇಶಗಳು ಈ ನಿಯಮ ಪಾಲಿಸುವುದಿಲ್ಲ ಅಂತ ಕಂಡರು. ಪಾಪ್‌ಎಫ್ ಅಂತ ಒಂದಿದೆ. ಅಧಿಕಾರ ಇಲ್ಲದ ಪ್ರೋಗ್ರಾಂ ಅದರ ಮೂಲಕ ಇಂಟರಪ್ಟ್, ಅಂದರೆ ಪ್ರೊಸೆಸರನ್ನು ನಡುವೆ ತಡೆದು ಕರೆಯುವ ಸಂಕೇತ, ಬಂದ್ ಮಾಡಲು ಹೋದರೆ ಪ್ರೊಸೆಸರ್ ಆಗಲಿ ಅನ್ನುವುದಿಲ್ಲ, ಆಗಲ್ಲ ಅಂತಲೂ ಅನ್ನುವುದಿಲ್ಲ. ಸುಮ್ನೆ ಇದ್ದುಬಿಡುತ್ತದೆ. ಬೈದರೆ ಸಹಿಸಬಹುದು, ಮಾತೇ ಆಡದವರ ಜೊತೆ ಸಂಸಾರ ಕಷ್ಟ. ಮದುವೆಯಾದವರಿಗೆ ಗೊತ್ತು.

1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಇದಕ್ಕೆ ಒಂದು ಉಪಾಯ ಮಾಡಿತು. ಗೆಸ್ಟ್‌ನ ಆದೇಶಗಳನ್ನು ಓಡುವಾಗಲೇ ಓದಿ, ತೊಂದರೆ ಕೊಡುವವನ್ನು ಬೇರೆಯಾಗಿ ಬರೆದು ಓಡಿಸಿತು. ತೂಬೇ ಇಲ್ಲದ ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತ ಹಾಗೆ. ಜಾಣತನ ಹೌದು, ಬೆನ್ನು ನೋಯುತ್ತದೆ. 2005ರಲ್ಲಿ ಇಂಟೆಲ್ ಪ್ರೊಸೆಸರ್‌ನಲ್ಲೇ ಇದಕ್ಕೆ ನೆರವಾಗುವ ವಿಟಿ-ಎಕ್ಸ್ ತಂದಿತು, ಬಾಯಿಮಾತಿಗೆ ವಿಟಿ. 2006ರಲ್ಲಿ ಎಎಂಡಿ ತನ್ನ ಎಎಂಡಿ-ವಿ ತಂದಿತು. ಪ್ರೊಸೆಸರ್‌ಗೇ ತೂಬು ಬಂತು. ಬಿಂದಿಗೆಯ ಕಾಲ ಮುಗಿಯುತ್ತಾ ಬಂತು. ವರ್ಚುವಲ್‌ಬಾಕ್ಸ್ 2019ರ ಕೊನೆಗೆ ತನ್ನ 6.1ನೇ ಆವೃತ್ತಿಯಲ್ಲಿ ಬಿಂದಿಗೆಯನ್ನು ಪೂರ್ತಿ ಬಿಸಾಕಿತು. ಈ 6.1 ನೆನಪಿಟ್ಟುಕೊಳ್ಳಿ. ಎಸ್ಟೇಟಿನ ಕಥೆಯಲ್ಲಿ ವಾಪಸ್ ಬರುತ್ತದೆ.

ಎಸ್ಟೇಟಿನ ಕಥೆ ಯಾವಾಗ ಅಂತೀರಾ? ಈಗಲೇ. ತಡೆಯಲು ಆಗಲ್ಲ.

ಮೂಡಿಗೆರೆ ಕಡೆಯ ಒಂದು ಕಾಫಿ ತೋಟ. ಹೆಸರು ಬೇಡ. ಅಲ್ಲಿನ ರೈಟರ್ ಹತ್ತಿರ ಚೆಕ್‌ರೋಲ್ ಬರೆಯುವ ಒಂದು ಹಳೆಯ ಪ್ರೋಗ್ರಾಂ ಇತ್ತು. ಆಳುಗಳ ಹಾಜರಿ, ವಾರದ ಬಟವಾಡೆ, ಮುಂಗಡ, ಎಲ್ಲ ಅದರಲ್ಲೇ. ಅದು ಓಡುವುದು ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ. ಬರೆದುಕೊಟ್ಟವರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿತ್ತು. ಹಳೆಯ ಕಂಪ್ಯೂಟರ್ ಸತ್ತಾಗ ನಾನು ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಕೊಟ್ಟು, ಅದರೊಳಗೆ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಎಕ್ಸ್‌ಪಿ ಕೂರಿಸಿ, ಅದರೊಳಗೆ ಚೆಕ್‌ರೋಲ್ ಇಟ್ಟೆ. ಕಜ್ಜಾಯದ ಡಬ್ಬಿಯೊಳಗೆ ಡಬ್ಬಿ. ಚೆನ್ನಾಗಿಯೇ ನಡೆಯಿತು. ಒಂದು ದಿನ ಹೊಸದು ಒಳ್ಳೆಯದು ಅಂತ ಬಯೋಸ್‌ನಲ್ಲಿ ವಿಟಿ ಆನ್ ಮಾಡಿ, ವರ್ಚುವಲ್‌ಬಾಕ್ಸ್‌ಗೆ 6.1 ಹಾಕಿದೆ. ಆಗಲೂ ನಡೆಯಿತು.

ಆ ವರ್ಷ ಮಾರ್ಚ್ ಕೊನೆಗೆ ಹೂಮಳೆ ಬಂತು. ತೋಟದವರಿಗೆ ಹೂಮಳೆ ಅಂದರೆ ಹಬ್ಬ. ಸಾಹುಕಾರರು ಸಂತೋಷದಲ್ಲಿದ್ದರು. ಮಾರನೇ ದಿನ ರೈಟರ್ ಫೋನ್. "ಸಾರ್, ಎಕ್ಸ್‌ಪಿ ಏಳ್ತಾ ಇಲ್ಲ. ಶನಿವಾರ ಬಟವಾಡೆ."

ಬೈಕು ಹತ್ತಿ ಹೋದೆ. ಎರರ್ ಓದಿದೆನಾ? ಇಲ್ಲ. ನಾನೂ ಆ ಬಸ್ಸಿನ ಹುಡುಗನೇ. ಹೊಸ ಆವೃತ್ತಿಯದೇ ತಪ್ಪು ಅಂದುಕೊಂಡು ಕಿತ್ತು ಮತ್ತೆ ಹಾಕಿದೆ. ಆಗಲಿಲ್ಲ. ಕೊನೆಗೆ ಎರರ್ ಓದಿದೆ. ವಿಟಿ-ಎಕ್ಸ್ ಈಸ್ ಡಿಸೇಬಲ್ಡ್ ಇನ್ ದ ಬಯೋಸ್ ಅಂತ ಸ್ಪಷ್ಟವಾಗಿ ಬರೆದಿತ್ತು. ಬಯೋಸ್‌ಗೆ ಹೋಗಿ ಆನ್ ಮಾಡಿದೆ. ಎಕ್ಸ್‌ಪಿ ಎದ್ದಿತು. ಕಾಫಿ ಕುಡಿದು ದುಡ್ಡು ತೆಗೆದುಕೊಂಡು ಬಂದೆ. ಮೊದಲು ಆನ್ ಇದ್ದದ್ದು ಆಫ್ ಹೇಗಾಯಿತು ಅಂತ ನನ್ನನ್ನು ನಾನೇ ಕೇಳಲಿಲ್ಲ. ರಿಪೇರಿಯವರ ದೊಡ್ಡ ಪಾಪ ಇದು. ಸರಿಯಾದ ಕೂಡಲೇ ಯೋಚನೆ ನಿಲ್ಲಿಸುತ್ತೇವೆ.

ಹತ್ತು ದಿನದ ಮೇಲೆ ಮತ್ತೆ ಫೋನ್. ಮತ್ತೆ ಅದೇ. ಈ ಸಲ ರೈಟರ್ ಮೇಲೆ ಅನುಮಾನ ಬಂತು. "ಬಯೋಸ್ ಒಳಗೆ ಕೈ ಹಾಕಿದಿರಾ?" ಅಂತ ಕೇಳಿದೆ. ಪಾಪ, ಅವರಿಗೆ ಬಯೋಸ್ ಅನ್ನುವುದು ಊರಿನ ಹೆಸರೋ ಗೊಬ್ಬರದ ಹೆಸರೋ ಗೊತ್ತಿಲ್ಲ. ಬೇಜಾರು ಮಾಡಿಕೊಂಡರು. ಮತ್ತೆ ಆನ್ ಮಾಡಿ ಬಂದೆ. ಆಮೇಲೆ ಮುಂಗಾರು ಹಿಡಿಯಿತು. ಆ ಕಡೆಯ ಮಳೆ ನಿಮಗೆ ಗೊತ್ತಲ್ಲ. ವಾರಕ್ಕೊಂದು ಫೋನ್ ಬರತೊಡಗಿತು. ನಾನು ವಿಂಡೋಸನ್ನೇ ಫಾರ್ಮ್ಯಾಟ್ ಮಾಡಿ ಹಾಕಿದೆ. ಒಂದು ಇಡೀ ದಿನ ಹೋಯಿತು, ಒಂದು ಪೂರ್ತಿ ಊಟ ಅವರ ಮನೆಯಲ್ಲೇ ಆಯಿತು. ಮುಂದಿನ ಗುಡುಗಿಗೆ ಮತ್ತೆ ಅದೇ ಕಥೆ.

ಗುಟ್ಟು ಬಿಟ್ಟುಕೊಟ್ಟದ್ದು ಬೇರೆ ಒಂದು ದೂರು. ಹೊರಡುವಾಗ ರೈಟರ್ ಬಾಗಿಲಲ್ಲಿ ನಿಂತು ಹೇಳಿದರು: "ಸಾರ್, ಬ್ಯಾಂಕಿನ ವೆಬ್‌ಸೈಟೂ ಕೆಲವು ದಿನ ತೆರೆಯೋದಿಲ್ಲ. ಗಡಿಯಾರ ಹಿಂದಿದೆ ಅಂತ ಹೇಳುತ್ತೆ. ನಾನು ಬೆಳಿಗ್ಗೆ ಬಂದು ತಾರೀಖು ತಿದ್ದುತ್ತೀನಿ." ನಾನು ಚಪ್ಪಲಿ ಮತ್ತೆ ಬಿಚ್ಚಿದೆ. "ಆನ್ ಮಾಡುವಾಗ ಏನಾದರೂ ಕೇಳುತ್ತಾ?" "ಹೌದು ಸಾರ್, ಎಫ್ ಒನ್ ಒತ್ತು ಅನ್ನುತ್ತೆ. ಒತ್ತುತ್ತೀನಿ." "ಎಷ್ಟು ದಿನದಿಂದ?" "ನೀವು ಕೊಟ್ಟಾಗಿನಿಂದ ಆಗಾಗ ಕೇಳುತ್ತೆ ಸಾರ್."

ನಾನು ಕೊಟ್ಟಾಗಿನಿಂದ! ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ, ಸಿಆರ್2032, ಸತ್ತಿತ್ತು. ಬಯೋಸ್‌ನ ಸೆಟ್ಟಿಂಗು, ಗಡಿಯಾರ ಎರಡನ್ನೂ ಕಾಯುವುದು ಅದೇ. ಹಾಗಾದರೆ ಬೇಸಿಗೆಯಲ್ಲಿ ಯಾಕೆ ಸರಿ ಇತ್ತು? ಪ್ಲಗ್ ಗೋಡೆಯಲ್ಲಿ ಇರುವವರೆಗೆ, ಕಂಪ್ಯೂಟರ್ ಆಫ್ ಇದ್ದರೂ ಬೋರ್ಡಿಗೆ ಚೂರು ಕರೆಂಟ್ ಹೋಗುತ್ತಿರುತ್ತದೆ. ಬ್ಯಾಟರಿ ಸತ್ತದ್ದು ಗೊತ್ತೇ ಆಗುವುದಿಲ್ಲ. ಮಲೆನಾಡಿನಲ್ಲಿ ಗುಡುಗಿದರೆ ಮೊದಲ ಕೆಲಸ ಏನು? ಪ್ಲಗ್ ಕೀಳುವುದು. ಕಿತ್ತರೆ ಬಯೋಸ್ ಎಲ್ಲ ಮರೆಯುತ್ತದೆ. ಆ ಬೋರ್ಡು ಹುಟ್ಟುವಾಗಲೇ ವಿಟಿ ಆಫ್ ಇಟ್ಟುಕೊಂಡು ಬಂದದ್ದು. ಹಾಗಾಗಿ ಪ್ರತಿ ಗುಡುಗಿಗೂ ತೂಬು ಮುಚ್ಚಿಕೊಳ್ಳುತ್ತಿತ್ತು. ಹಿಂದಿನ ಮಳೆಗಾಲದಲ್ಲೂ ಮುಚ್ಚಿತ್ತು. ಆಗ ಹಳೆಯ ವರ್ಚುವಲ್‌ಬಾಕ್ಸ್ ಪಾಪ ಬಿಂದಿಗೆಯಲ್ಲಿ ನೀರು ಹೊತ್ತು ಎಕ್ಸ್‌ಪಿ ನಡೆಸುತ್ತಿತ್ತು. ಬಿಂದಿಗೆ ಕಿತ್ತುಕೊಂಡವನು ನಾನು, 6.1 ಹಾಕಿ.

50 ರೂಪಾಯಿ ಒಳಗಿನ ಬ್ಯಾಟರಿ. ಹಾಕಿದೆ. ಆಮೇಲೆ ಫೋನ್ ಬರಲಿಲ್ಲ. ದೀಪಾವಳಿಗೆ ಒಂದು ಚೀಲ ಕಿತ್ತಳೆ ಬಂತು. ಫಾರ್ಮ್ಯಾಟಿಗೆ ತೆಗೆದುಕೊಂಡ ದುಡ್ಡು ವಾಪಸ್ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. ಇವತ್ತಿಗೂ ಆ ದುಡ್ಡು ಚುಚ್ಚುತ್ತದೆ.

ಕಥೆ ಉದ್ದವಾಯಿತು. ಅಧ್ಯಕ್ಷರು ಗಡಿಯಾರ ನೋಡಿದ್ದನ್ನು ನಾನು ನೋಡಿದೆ.

ಈಗ ಮೂರು ಪ್ರಶ್ನೆಗೆ ಬರೋಣ. ಕೆರೆಯಲ್ಲಿ ನೀರಿದೆಯಾ? ಕಳೆದ ಹತ್ತು ವರ್ಷದಲ್ಲಿ ಕೊಂಡ ಇಂಟೆಲ್, ಎಎಂಡಿ ಯಂತ್ರವಾದರೆ ಬಹುತೇಕ ಇದೆ. ಇಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಹಳೆಯದನ್ನು ಕೊಳ್ಳುವ ಅಂಗಡಿಯವರು ಮಾತ್ರ ಹುಷಾರು. ಕೋರ್ 2 ಕಾಲದಲ್ಲಿ ಇ7400 ಅಂತ ಒಂದೇ ಹೆಸರಿನಲ್ಲಿ ವಿಟಿ ಇರುವುದೂ ಬಂತು, ಇಲ್ಲದ್ದೂ ಬಂತು. ಚಿಪ್ಪಿನ ಬೆನ್ನಿನ ಮೇಲಿನ ಸಣ್ಣ ಕೋಡ್ ನೋಡಿಯೇ ಹೇಳಬೇಕು. ಇನ್ನು 2020ರ ನಂತರದ ಆಪಲ್ ಎಂ ಚಿಪ್ಪಿನ ಮ್ಯಾಕ್‌ಗಳು ಬೇರೆಯೇ ಕೆರೆ. ಅದರಲ್ಲಿ ಆ ಚಿಪ್ಪಿನ ವಂಶದ್ದೇ ಆದ ಎಆರ್‌ಎಂ ಗೆಸ್ಟ್ ಸಲೀಸಾಗಿ ಓಡುತ್ತದೆ. ಮಾಮೂಲಿ ಇಂಟೆಲ್ ವಿಂಡೋಸ್ ಓಡಿಸಬೇಕಾದರೆ ಎಮ್ಯುಲೇಷನ್ನೇ ಗತಿ. ಅಂದರೆ ಮತ್ತೆ ಬಿಂದಿಗೆ.

ತೂಬು ತೆರೆದಿದೆಯಾ? ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಸಿಪಿಯು ನೋಡಿ. ವರ್ಚುವಲೈಸೇಷನ್ ಅನ್ನುವ ಸಾಲಿನ ಮುಂದೆ ಎನೇಬಲ್ಡ್ ಇರಬೇಕು. ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು ಕೊಟ್ಟರೆ ವಿಟಿ-ಎಕ್ಸ್ ಅಂತಲೋ ಎಎಂಡಿ-ವಿ ಅಂತಲೋ ತೋರಿಸುತ್ತದೆ. ಅದನ್ನೇ ಪೂರ್ತಿ ನಂಬಬೇಡಿ. ಹಳೆಯ ಕರ್ನಲ್‌ಗಳು, ಅಂದರೆ ಲಿನಕ್ಸ್‌ನ ತಿರುಳು, ಬಯೋಸ್‌ನಲ್ಲಿ ಬಂದ್ ಇದ್ದರೂ ಇದೆ ಅಂತಲೇ ತೋರಿಸುತ್ತಿದ್ದವು. ಕರ್ನಲ್ ಬರೆದಿಡುವ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಕೆವಿಎಂ ಡಿಸೇಬಲ್ಡ್ ಬೈ ಬಯೋಸ್ ಅಂತ ಇದೆಯಾ ಹುಡುಕಿ. ಕೆವಿಎಂ ಅಂದರೆ ಲಿನಕ್ಸ್‌ನ ನೀರುಗಂಟಿ. ನೀರು ಕಾಣಿಸಿತು ಅಂದ ಮಾತ್ರಕ್ಕೆ ತೂಬು ತೆರೆದಿದೆ ಅಂತ ಅರ್ಥವಲ್ಲ, ಅಲ್ವಾ?

ಇನ್ನೊಂದು ಗುರುತು. ವರ್ಚುವಲ್‌ಬಾಕ್ಸ್‌ನ ಪಟ್ಟಿಯಲ್ಲಿ 32 ಬಿಟ್ ಮಾತ್ರ ಕಾಣಿಸುತ್ತದೆ, 64 ಬಿಟ್ ಮಾಯ. ಹುಡುಗರು ಅದನ್ನು ಹೇಗೋ ಒಪ್ಪಿಕೊಂಡು, ಎಲ್ಲಿಂದಲೋ 32 ಬಿಟ್ ಉಬುಂಟು ಹುಡುಕಿ ಹಾಕಲು ನೋಡುತ್ತಾರೆ. ಬೇಡ. ಅದು ತೂಬು ಮುಚ್ಚಿದ ಗುರುತು, ಅಥವಾ ನೀರು ಬೇರೆಯವರ ಕೈಯಲ್ಲಿರುವ ಗುರುತು.

ತೆರೆಯಲು ಬಯೋಸ್‌ಗೆ ಹೋಗಬೇಕು. ಎಫ್ 2, ಡಿಲೀಟ್, ಎಫ್ 10, ಒಂದೊಂದು ಕಂಪನಿಗೆ ಒಂದೊಂದು ಕೀ. ಒಳಗೆ ಹೆಸರುಗಳ ಅವಾಂತರ ಬೇರೆ. ಇಂಟೆಲ್ ಬೋರ್ಡಿನಲ್ಲಿ ಇಂಟೆಲ್ ವರ್ಚುವಲೈಸೇಷನ್ ಟೆಕ್ನಾಲಜಿ ಅಂತ ಇರುತ್ತದೆ. ಕೆಲವು ಹಳೆಯದರಲ್ಲಿ ವ್ಯಾಂಡರ್‌ಪೂಲ್ ಅಂತ ಇದೆ. ಎಎಂಡಿಯಲ್ಲಿ ಎಸ್‌ವಿಎಂ ಮೋಡ್ ಅಂತ ಹುಡುಕಿ. ಅದು ಕೆಲವೊಮ್ಮೆ ಓವರ್‌ಕ್ಲಾಕಿಂಗ್ ಪುಟದ ಮೂಲೆಯಲ್ಲಿ ಅಡಗಿ ಕೂತಿರುತ್ತದೆ. ವಿಟಿ-ಡಿ ಅಂತಲೂ ಒಂದು ಸಿಗುತ್ತದೆ. ಎಷ್ಟೋ ಜನ ಅದನ್ನು ಆನ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಅದು ಬೇರೆ ಕೆಲಸದ್ದು. ಗ್ರಾಫಿಕ್ಸ್ ಕಾರ್ಡಿನಂಥ ಸಾಧನವನ್ನು ನೇರವಾಗಿ ಗೆಸ್ಟ್‌ಗೆ ಕೊಡಬೇಕಾದರೆ ಬೇಕು. ಎಕ್ಸ್ ಬೇರೆ, ಡಿ ಬೇರೆ.

ಒಬ್ಬ ವಿದ್ಯಾರ್ಥಿ ಒಮ್ಮೆ ನನ್ನನ್ನು ಕೇಳಿದ: "ಸಾರ್, ವಿಂಡೋಸ್ ಒಳಗಿನಿಂದಲೇ ಒಂದು ಕಮಾಂಡ್ ಕೊಟ್ಟು ವಿಟಿ ಆನ್ ಮಾಡಬಾರದಾ?" ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಇಂಟೆಲ್ ಪ್ರೊಸೆಸರ್‌ನಲ್ಲಿ ಇದಕ್ಕೊಂದು ರಿಜಿಸ್ಟರ್ ಇದೆ. ಯಂತ್ರ ಏಳುವಾಗ ಬಯೋಸ್ ಅದರಲ್ಲಿ ತೆರೆ ಅಂತಲೋ ಮುಚ್ಚು ಅಂತಲೋ ಬರೆದು, ಮೇಲೆ ಒಂದು ಬೀಗದ ಬಿಟ್ ಹಾಕುತ್ತದೆ. ಮುಂದಿನ ರೀಸೆಟ್‌ವರೆಗೆ ಆ ಬೀಗವನ್ನು ಯಾರೂ ತೆಗೆಯುವ ಹಾಗಿಲ್ಲ. ಕಳ್ಳ ಸಾಫ್ಟ್‌ವೇರ್ ಒಂದು ಹೈಪರ್‌ವೈಸರ್ ತಂದು ನಿಮ್ಮ ವಿಂಡೋಸ್‌ನ ಕೆಳಗೆ ನುಗ್ಗಿಸಬಾರದಲ್ಲ. ಅದಕ್ಕೆ ಬಯೋಸ್‌ನಲ್ಲಿ ಬದಲಾಯಿಸಿದ ಮೇಲೆ ಯಂತ್ರವನ್ನು ಪೂರ್ತಿ ಆರಿಸಿ ಹತ್ತಿಸಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಅರ್ಧ ನಿದ್ದೆ ಮಾತ್ರ. ಅಲ್ಲಿ ರೀಸ್ಟಾರ್ಟ್ ಕೊಡುವುದೇ ನಿಜವಾದ ಶಟ್‌ಡೌನ್. ವಿಚಿತ್ರ, ಆದರೆ ಹಾಗೇ ಇದೆ.

ಮೂರನೆಯದು. ನೀರು ಯಾರ ಕೈಯಲ್ಲಿದೆ? ಇವತ್ತಿನ ಹುಡುಗರ ಹತ್ತಕ್ಕೆ ಏಳೆಂಟು ದೂರು ಇಲ್ಲೇ ಇರುವುದು. ನನ್ನ ಅಂಗಡಿಯ ಅಂದಾಜು ಹೇಳುತ್ತಿದ್ದೇನೆ, ಸರ್ವೆ ಅಲ್ಲ.

ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟಿನದೇ ಒಬ್ಬ ನೀರುಗಂಟಿ ಇದ್ದಾನೆ, ಹೈಪರ್-ವಿ. ನೀವು ಕರೆಯದೇ ಇದ್ದರೂ ಬಂದು ಕೂರುತ್ತಾನೆ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಹಾಕಿದಿರಾ? ಬಂದ. ಅದರ ಮೇಲೆ, ಪ್ರೋಗ್ರಾಂಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಡೆಸ್ಕ್‌ಟಾಪ್ ಹಾಕಿದಿರಾ? ಗಟ್ಟಿಯಾಗಿ ಕೂತ. ವಿಂಡೋಸ್ ಸ್ಯಾಂಡ್‌ಬಾಕ್ಸ್? ಅವನೇ. ಇವು ಯಾವುದೂ ಇಲ್ಲದಿದ್ದರೂ ವಿಂಡೋಸ್ ಸೆಕ್ಯುರಿಟಿಯಲ್ಲಿ ಕೋರ್ ಐಸೊಲೇಷನ್ ಅಂತ ಇದೆ, ಅದರೊಳಗೆ ಮೆಮೊರಿ ಇಂಟೆಗ್ರಿಟಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯವಾಗಿ ಆನ್ ಆಗಿಯೇ ಬರುತ್ತದೆ. ಅದೂ ಇದೇ ನೀರುಗಂಟಿಯ ಕೆಲಸವೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆಮೇಲೆ ಹೊಸ ಲ್ಯಾಪ್‌ಟಾಪ್ ಕೊಂಡವರು ಒಬ್ಬೊಬ್ಬರೇ ನನ್ನ ಅಂಗಡಿಗೆ ಬಂದರು. ಬಯೋಸ್ ನೋಡಿದರೆ ವಿಟಿ ಆನ್. ಟಾಸ್ಕ್ ಮ್ಯಾನೇಜರ್ ಎನೇಬಲ್ಡ್ ಅನ್ನುತ್ತದೆ. ಆದರೂ ಗೆಸ್ಟ್ ಏಳುವುದಿಲ್ಲ, ಎದ್ದರೂ ತೆವಳುತ್ತದೆ. ತೂಬು ತೆರೆದಿದೆ ಸ್ವಾಮಿ, ಮೇಲಿನವನು ತಿರುಗಿಸಿಕೊಂಡಿದ್ದಾನೆ.

ಹಾಗಾಗಿ ಎರರ್‌ನ ಒಂದೊಂದು ಪದವನ್ನೂ ಓದಿ ಅನ್ನುವುದು. ಡಿಸೇಬಲ್ಡ್ ಇನ್ ದ ಬಯೋಸ್ ಅಂದರೆ ತೂಬು ಮುಚ್ಚಿದೆ. ಬರೀ ನಾಟ್ ಅವೈಲಬಲ್ ಅಂದರೆ ನೀರುಗಂಟಿ ನಿಮ್ಮಿಂದ ಕೆರೆಯನ್ನೇ ಮರೆಮಾಡಿರಬಹುದು. ವಿಎಂಎಕ್ಸ್ ರೂಟ್ ಮೋಡ್ ಅನ್ನುವ ಮಾತು ಬಂದರೆ ಇನ್ನೊಬ್ಬ ಈಗ, ಈ ಕ್ಷಣ ತೂಬಿನ ಮೇಲೆ ನಿಂತಿದ್ದಾನೆ. ಇಂಗ್ಲಿಷ್‌ನಲ್ಲಿ ಮೂರೂ ಒಂದೇ ಥರ ಕೇಳಿಸುತ್ತವೆ. ಮದ್ದು ಮೂರಕ್ಕೂ ಬೇರೆ ಬೇರೆ.

ಹೈಪರ್-ವಿ ಕೂತಿದ್ದಾನಾ ಅಂತ ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಸ್ಟಮ್‌ಇನ್ಫೋ ಕೊಡಿ. ಕೊನೆಯ ಸಾಲುಗಳಲ್ಲಿ ಎ ಹೈಪರ್‌ವೈಸರ್ ಹ್ಯಾಸ್ ಬೀನ್ ಡಿಟೆಕ್ಟೆಡ್ ಅಂತ ಬಂದರೆ ಕೂತಿದ್ದಾನೆ. ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗೆ ಒಂದು ಹಸಿರು ಆಮೆಯ ಚಿತ್ರ ಕಂಡರೂ ಅದೇ ಅರ್ಥ. 6.0ರಿಂದ ವರ್ಚುವಲ್‌ಬಾಕ್ಸ್ ಜಗಳ ಬಿಟ್ಟು ಆ ನೀರುಗಂಟಿಯ ಹತ್ತಿರವೇ ನೀರು ಕೇಳಿ ಪಡೆಯುವುದನ್ನು ಕಲಿತಿದೆ. 2020ರಲ್ಲಿ ವಿಎಂವೇರ್ ವರ್ಕ್‌ಸ್ಟೇಷನ್ 15.5.5 ಕೂಡ ಕಲಿಯಿತು. ಕೇಳಿ ಪಡೆದ ನೀರು ನಿಧಾನ. ಅದಕ್ಕೇ ಆಮೆ. ಚಿತ್ರ ಹಾಕಿದವರಿಗೆ ಹಾಸ್ಯ ಪ್ರಜ್ಞೆ ಇದೆ.

ಈಗ ನನ್ನ ಗೆಳೆಯರ ಜೊತೆ ನನ್ನ ಜಗಳದ ವಿಷಯ. ಅಂಗಡಿಯವರು ಬಹಳ ಜನ ಕಣ್ಣು ಮುಚ್ಚಿ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ, ವಿಂಡೋಸ್‌ನ ಬೂಟ್ ಸೆಟ್ಟಿಂಗ್ ಬದಲಾಯಿಸುವ ಬಿಸಿಡಿಎಡಿಟ್‌ನಲ್ಲಿ ಹೈಪರ್‌ವೈಸರ್ ಲಾಂಚ್ ಟೈಪ್ ಆಫ್ ಅಂತ ಬರೆದು, ಆಯ್ತು ಹೋಗಿ ಅನ್ನುತ್ತಾರೆ. ಕೆಲಸ ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ಆ ಯಂತ್ರ ತಂದ ಹುಡುಗಿಯ ಡಾಕರ್ ನಾಳೆ ನಿಲ್ಲುತ್ತದೆ. ಅವಳು ಇನ್ನೊಂದು ಅಂಗಡಿಗೆ ಹೋಗುತ್ತಾಳೆ. ಅವನು ಮತ್ತೆ ಆನ್ ಮಾಡುತ್ತಾನೆ. ಇಬ್ಬರೂ ದುಡ್ಡು ತೆಗೆದುಕೊಳ್ಳುತ್ತಾರೆ. ಆಫ್ ಮಾಡಿದ್ದು ಬರೀ ಒಂದು ಅಡಚಣೆ ಅಲ್ಲ, ಕರ್ನಲ್‌ಗೆ ಇದ್ದ ಕಾವಲು. ಬ್ಯಾಂಕಿನ ಕೆಲಸ ಮಾಡುವ ಯಂತ್ರದಲ್ಲಿ ನಾನು ಅದನ್ನು ಮುಟ್ಟುವುದಿಲ್ಲ. ಮೊದಲು ಕೇಳಿ: ಏನು ಓಡಿಸಬೇಕು? ಬರೀ ಲಿನಕ್ಸ್ ಕಮಾಂಡ್ ಕಲಿಯಬೇಕಾದರೆ ಡಬ್ಲ್ಯುಎಸ್‌ಎಲ್ ಸಾಕು, ವರ್ಚುವಲ್‌ಬಾಕ್ಸ್ ಯಾಕೆ? ಪ್ರೊ ಆವೃತ್ತಿ ಇದ್ದರೆ ಹೈಪರ್-ವಿಯಲ್ಲೇ ಗೆಸ್ಟ್ ಮಾಡಿ. ಇರುವ ನೀರುಗಂಟಿಯ ಜೊತೆ ಸ್ನೇಹ ಮಾಡಿಕೊಳ್ಳಿ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಎಬ್ಬಿಸಿ ಕಳಿಸಿ. ಒಂದು ತೂಬಿಗೆ ಒಬ್ಬನೇ ನೀರುಗಂಟಿ.

ಲಿನಕ್ಸ್‌ನವರು ನಗುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಜಗಳ ಇದೆ. 2007ರಿಂದ ಕೆವಿಎಂ ಕರ್ನಲ್‌ನ ಒಳಗೇ ಇದೆ. ಮೊದಲು ಗೆಸ್ಟ್ ಓಡುವಾಗ ಮಾತ್ರ ತೂಬು ಹಿಡಿಯುತ್ತಿತ್ತು. 2024ರ ನವೆಂಬರ್‌ನಲ್ಲಿ ಬಂದ 6.12ರಿಂದ ಮಾಡ್ಯೂಲ್ ಲೋಡ್ ಆದ ಕೂಡಲೇ ಹಿಡಿಯುತ್ತದೆ. ಕರ್ನಲ್ ಅಪ್‌ಡೇಟ್ ಆದ ಮಾರನೇ ದಿನ ವರ್ಚುವಲ್‌ಬಾಕ್ಸ್ ಏಳಲಿಲ್ಲ ಅಂತ ಎಷ್ಟೋ ಜನ ಅತ್ತರು. ಮೋಡ್‌ಪ್ರೋಬ್ ಮೈನಸ್ ಆರ್ ಕೊಟ್ಟು ಕೆವಿಎಂ ಇಂಟೆಲ್ ಮಾಡ್ಯೂಲ್ ಇಳಿಸಿ, ಎಎಂಡಿ ಆದರೆ ಕೆವಿಎಂ ಎಎಂಡಿ. ಶಾಶ್ವತವಾಗಿ ಬೇಕಾದರೆ ಬೂಟ್ ಸಾಲಿನಲ್ಲಿ ಎನೇಬಲ್ ವರ್ಟ್ ಅಟ್ ಲೋಡ್ ಅನ್ನುವುದನ್ನು ಸೊನ್ನೆ ಮಾಡಿ. ಇಲ್ಲವಾದರೆ ಕೆವಿಎಂಗೇ ಬಂದುಬಿಡಿ, ಅದೇ ನನ್ನ ಸಲಹೆ. ಕೆವಿಎಂನಲ್ಲಿ ಪರ್ಮಿಷನ್ ಡಿನೈಡ್ ಬಂದರೆ ಅದು ತೂಬಿನ ತೊಂದರೆಯೇ ಅಲ್ಲ. ನಿಮ್ಮ ಹೆಸರು ಕೆವಿಎಂ ಗುಂಪಿನಲ್ಲಿ ಇಲ್ಲ. ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ. ಇನ್ನೂ ನಾಲ್ಕು ವಿಷಯ ಗುರುತು ಹಾಕಿಕೊಂಡಿದ್ದೆ. ಓಡುತ್ತೇನೆ.

ಗೆಸ್ಟ್ ಎದ್ದು ನಿಧಾನವಾದರೆ ಮೊದಲು ಆಮೆ ನೋಡಿ, ಆಮೇಲೆ ರ್‍ಯಾಮ್. 8 ಜಿಬಿಯ ಯಂತ್ರದಲ್ಲಿ 6 ಜಿಬಿ ಗೆಸ್ಟ್‌ಗೆ ಕೊಟ್ಟರೆ ಹೋಸ್ಟ್ ಉಪವಾಸ ಬೀಳುತ್ತದೆ, ಆಮೇಲೆ ಇಬ್ಬರೂ ಡಿಸ್ಕ್ ನೆಕ್ಕುತ್ತಾರೆ. ಅರ್ಧಕ್ಕಿಂತ ಮೇಲೆ ಹೋಗಬೇಡಿ. ಎಸ್‌ಎಸ್‌ಡಿ ಇಲ್ಲದಿದ್ದರೆ ಅದನ್ನು ಮೊದಲು ಹಾಕಿಸಿ.

ವರ್ಚುವಲ್ ಮಷೀನ್ ಒಳಗೆ ಮತ್ತೊಂದು ವರ್ಚುವಲ್ ಮಷೀನ್ ಬೇಕಾದವರು ನೆಸ್ಟೆಡ್ ಅನ್ನುವ ಆಯ್ಕೆಯನ್ನು ಹೊರಗಿನ ಹೈಪರ್‌ವೈಸರ್‌ನಲ್ಲಿ ಆನ್ ಮಾಡಬೇಕು. ಗೆಸ್ಟ್‌ನೊಳಗೆ ಬಯೋಸ್ ಹುಡುಕಿ ಫಲವಿಲ್ಲ.

ಆಂಡ್ರಾಯ್ಡ್ ಎಮ್ಯುಲೇಟರ್ ಹುಡುಗರೇ, ನಿಮ್ಮ ಎಮ್ಯುಲೇಟರ್‌ಗೆ ವೇಗ ಕೊಡುತ್ತಿದ್ದ ಇಂಟೆಲ್‌ನ ಹ್ಯಾಕ್ಸಂ 2023ರಲ್ಲಿ ನಿಂತುಹೋಯಿತು. ಹಳೆಯ ವಿಡಿಯೋ ನೋಡಿ ಅದನ್ನು ಹಾಕಲು ಹೋಗಬೇಡಿ.

ನಾಲ್ಕನೆಯದು ಐಒಎಂಎಂಯು, ಆಗ ಹೇಳಿದ ವಿಟಿ-ಡಿಯ ವಿಷಯ. ಬಿಟ್ಟೆ. ಇನ್ನೊಮ್ಮೆ ಕರೆಯಿರಿ.

ಮುಂದಿನ ಸಾಲಿನ ತಂಗಿ ಲ್ಯಾಪ್‌ಟಾಪ್ ಎತ್ತಿ ತೋರಿಸುತ್ತಿದ್ದಾರೆ. ಮೇಜಿನ ಮೇಲೆ ತನ್ನಿ ತಾಯಿ. ಬಯೋಸ್‌ಗೆ ಆಮೇಲೆ ಹೋಗೋಣ. ಬಯೋಸ್ ಬದಲಾಯಿಸಿದರೆ ಕೆಲವು ಯಂತ್ರಗಳು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಕೀ ಕೇಳಿ ಬಾಗಿಲು ಹಾಕಿಕೊಳ್ಳುತ್ತವೆ. 48 ಅಂಕಿಯ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಪಾಸ್‌ವರ್ಡ್ ನೆನಪಿದೆಯಾ? ಅಣ್ಣನಿಗೆ ಗೊತ್ತಾ? ಹಾಗಾದರೆ ಮೊದಲು ಅಣ್ಣನಿಗೆ ಫೋನ್ ಮಾಡಿ. ಅಷ್ಟರಲ್ಲಿ ನೀವು ಎರರ್ ತೆರೆದಿಡಿ, ಓಕೆ ಒತ್ತಬೇಡಿ. ಎರಡನೇ ಸಾಲು ಜೋರಾಗಿ ಓದಿ, ಎಲ್ಲರಿಗೂ ಕೇಳಲಿ.